ಬ್ಯಾಕಪ್ ರನ್ನಿಂಗ್ ಬ್ಯಾಕ್ ಹುಡುಕಲು ಸ್ಲೀಪರ್ ಆ್ಯಪ್: ಅರ್ಧ ದಾರಿಯ ಜೊತೆಗಾರ

ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಆಟಗಾರರನ್ನು ಆರಿಸಿ ತಂಡ ಕಟ್ಟಿ, ನಿಜ ಪಂದ್ಯಗಳಲ್ಲಿ ಅವರು ಆಡಿದ್ದಕ್ಕೆ ಅಂಕ ಪಡೆಯುವ ಫ್ಯಾಂಟಸಿ ಲೀಗ್ ನಡೆಸಲು ಸ್ಲೀಪರ್ ಒಳ್ಳೆಯ ಆ್ಯಪ್, ಅದರಲ್ಲಿ ತಕರಾರಿಲ್ಲ. ಉಚಿತ, ಡ್ರಾಫ್ಟ್ (ಆಟಗಾರರನ್ನು ಸರದಿಯಲ್ಲಿ ಆರಿಸುವ) ಪರದೆ ಅಚ್ಚುಕಟ್ಟು, ಲೀಗಿನವರು ಕಾಲೆಳೆದುಕೊಳ್ಳಲು ಚಾಟ್ ಕೂಡ ಇದೆ. ಇಲ್ಲಿ ಒರೆಗೆ ಹಚ್ಚುತ್ತಿರುವುದು ಅದನ್ನಲ್ಲ. ಇವತ್ತು ಬೆಂಚಿನಲ್ಲಿರುವ ಯಾವ ರನ್ನಿಂಗ್ ಬ್ಯಾಕ್ ಮುಂದಿನ ಭಾನುವಾರ ಇಪ್ಪತ್ತು ಸಲ ಚೆಂಡು ಹಿಡಿದು ಓಡುತ್ತಾನೆ? ಲೀಗಿನ ಉಳಿದ ಹನ್ನೊಂದು ಮಂದಿಗಿಂತ ಮುಂಚೆ ಅದನ್ನು ಊಹಿಸಲು ಈ ಆ್ಯಪ್ ಎಷ್ಟು ನೆರವಾಗುತ್ತದೆ? ಇಷ್ಟೇ ಪ್ರಶ್ನೆ. ಅರ್ಧ ದಾರಿ ಕರೆದೊಯ್ಯುತ್ತದೆ ಎಂಬುದು ಉತ್ತರ. ಉಳಿದರ್ಧಕ್ಕೆ ಸ್ನ್ಯಾಪ್ ಲೆಕ್ಕ ಬೇಕು, ಅಂದರೆ ಆಟಗಾರ ಎಷ್ಟು ಪ್ಲೇಗಳಲ್ಲಿ ಮೈದಾನದಲ್ಲಿದ್ದ ಎಂಬ ಎಣಿಕೆ. ಅದು ಬೇರೆ ಕಡೆ ಸಿಗುತ್ತದೆ, ಅದೂ ಪುಕ್ಕಟೆಯಾಗಿ.

ಇಷ್ಟು ತಲೆಕೆಡಿಸಿಕೊಳ್ಳಲು ಕಾರಣವಿದೆ. ಫ್ಯಾಂಟಸಿಯಲ್ಲಿ ರನ್ನಿಂಗ್ ಬ್ಯಾಕ್‌ಗಳಿಗೆ ಸದಾ ಬರಗಾಲ. ಹನ್ನೆರಡು ತಂಡಗಳ ಲೀಗಿನಲ್ಲಿ ಪ್ರತಿಯೊಬ್ಬರೂ ವಾರಕ್ಕೆ ಇಬ್ಬರನ್ನು ಆಡಿಸಲೇಬೇಕು, ಫ್ಲೆಕ್ಸ್ (ಒಂದಕ್ಕಿಂತ ಹೆಚ್ಚು ಬಗೆಯ ಆಟಗಾರರನ್ನು ಹಾಕಬಹುದಾದ) ಜಾಗಕ್ಕೂ ಹಲವರು ಇವರನ್ನೇ ಹಾಕುತ್ತಾರೆ. ಬೇಕಾದವರು 24ರಿಂದ 36. ಎನ್‌ಎಫ್‌ಎಲ್‌ನಲ್ಲಿ ಇರುವ ತಂಡಗಳು 32, ಅದರಲ್ಲೂ ಎಷ್ಟೋ ತಂಡಗಳು ಕೆಲಸವನ್ನು ಇಬ್ಬರಿಗೆ ಹಂಚಿರುತ್ತವೆ. 10 ಯಾರ್ಡ್ ಓಟಕ್ಕೆ 1 ಅಂಕ, ಟಚ್‌ಡೌನ್‌ಗೆ (ಚೆಂಡನ್ನು ಎದುರಾಳಿಯ ಗೋಲ್ ಲೈನ್ ದಾಟಿಸಿದ್ದಕ್ಕೆ) 6, ಪಿಪಿಆರ್ ಲೀಗ್ ಆದರೆ ಹಿಡಿದ ಪ್ರತಿ ಪಾಸ್‌ಗೂ 1. ಮುಖ್ಯ ಆಟಗಾರ ಕುಂಟುತ್ತಾ ಮೈದಾನದಿಂದ ಹೊರಗೆ ಹೋದ ಕೂಡಲೇ ಈ ಅಂಕಗಳು ಇನ್ಯಾರದೋ ಪಾಲಾಗುತ್ತವೆ. ಆ ಇನ್ಯಾರನ್ನೋ ಮೊದಲೇ ಹಿಡಿದಿಟ್ಟುಕೊಂಡರೆ ಅವನೇ ಹ್ಯಾಂಡ್‌ಕಫ್.

ಸ್ಲೀಪರ್‌ನಲ್ಲಿ ಪ್ರತಿ ತಂಡಕ್ಕೂ ಡೆಪ್ತ್ ಚಾರ್ಟ್ ಇದೆ: ಮೊದಲನೆಯವ, ಎರಡನೆಯವ, ಮೂರನೆಯವ. ಹೊಸಬರು ಅದನ್ನು ಉತ್ತರಾಧಿಕಾರಿಗಳ ಪಟ್ಟಿ ಎಂದುಕೊಂಡು ಎರಡನೆಯವನ ಮೇಲೆ ದುಡ್ಡು ಸುರಿಯುತ್ತಾರೆ. ತೊಡಕು ಇರುವುದು ಪಟ್ಟಿಯ ಮೂಲದಲ್ಲೇ. ಆಗಸ್ಟ್‌ನಲ್ಲಿ ತಂಡಗಳು ಹೊರಡಿಸುವ ಮೊದಲ ಡೆಪ್ತ್ ಚಾರ್ಟ್ ‘ಅನಧಿಕೃತ’ ಎಂಬ ಹಣೆಪಟ್ಟಿ ಹೊತ್ತೇ ಬರುತ್ತದೆ. ಎಷ್ಟೋ ಕಡೆ ಅದನ್ನು ಸಿದ್ಧಪಡಿಸುವುದು ತಂಡದ ಮಾಧ್ಯಮ ವಿಭಾಗ, ಕೋಚ್ ಅಲ್ಲ. ಇಬ್ಬರ ಹೆಸರಿನ ನಡುವೆ ‘ಅಥವಾ’ ಸೇರಿಸಿ ಕೈತೊಳೆದುಕೊಳ್ಳುವ ತಂಡಗಳೂ ಇವೆ. ಸ್ಥಾನಕ್ಕೊಂದು ಸಂಖ್ಯೆ ಕೊಡುವ ಪಟ್ಟಿಯಲ್ಲಿ ಆ ‘ಅಥವಾ’ಕ್ಕೆ ಜಾಗವಿಲ್ಲ. ಕ್ರಿಕೆಟ್ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಪಂದ್ಯದ ನಡುವೆ ಫೀಲ್ಡಿಂಗ್‌ಗೆ ಓಡಿಬಂದ ಹನ್ನೆರಡನೆಯವನೇ ಮುಂದಿನ ಪಂದ್ಯದಲ್ಲಿ ಆರಂಭಿಕನಾಗಿ ಬ್ಯಾಟ್ ಹಿಡಿಯುತ್ತಾನೆ ಎಂದು ಯಾರೂ ಪಣ ಕಟ್ಟುವುದಿಲ್ಲ.

ಹಾಗಾಗಿ ಇಲ್ಲಿರುವುದು ಎರಡು ಬೇರೆ ಬೇರೆ ಪ್ರಶ್ನೆ. ಗಾಯವಾದ ಪಂದ್ಯದಲ್ಲೇ ಯಾರು ಒಳಗೆ ಬರುತ್ತಾನೆ ಎಂಬುದು ಒಂದು. ಒಂದು ವಾರ ಸಮಯ ಸಿಕ್ಕ ಮೇಲೆ ಕೋಚ್ ಯಾರ ಕೈಗೆ ಕೆಲಸ ಕೊಡುತ್ತಾನೆ ಎಂಬುದು ಇನ್ನೊಂದು. ಡೆಪ್ತ್ ಚಾರ್ಟ್ ಮೊದಲನೆಯದಕ್ಕೆ ಸುಮಾರಾಗಿ ಉತ್ತರ ಕೊಡುತ್ತದೆ. ಫ್ಯಾಂಟಸಿ ಗೆಲ್ಲಿಸುವುದು ಎರಡನೆಯದು.

2021ರ ಟೆನೆಸೀ ಟೈಟನ್ಸ್ ನೋಡಿ. ಅಕ್ಟೋಬರ್ 31ರಂದು ಡೆರಿಕ್ ಹೆನ್ರಿ ಅವರ ಪಾದಕ್ಕೆ ಪೆಟ್ಟಾಯಿತು. ಪಟ್ಟಿಯಲ್ಲಿ ಮುಂದಿದ್ದವರು ಜೆರೆಮಿ ಮ್ಯಾಕ್‌ನಿಕೋಲ್ಸ್. ವೇವರ್‌ನಲ್ಲಿ (ಲೀಗಿನ ಯಾರ ತಂಡದಲ್ಲೂ ಇಲ್ಲದ ಆಟಗಾರರಿಗೆ ಬಿಡ್ ಮಾಡುವ ಸುತ್ತಿನಲ್ಲಿ) ಅವರಿಗೂ, ತಂಡ ತುರ್ತಾಗಿ ಕರೆಸಿಕೊಂಡ ಏಡ್ರಿಯನ್ ಪೀಟರ್ಸನ್‌ಗೂ ಪೈಪೋಟಿ. ಪೀಟರ್ಸನ್ ಮೂರು ಪಂದ್ಯ ಆಡಿ ಹೊರಬಿದ್ದರು. ಕೊನೆಗೆ ಕೆಲಸ ದಕ್ಕಿದ್ದು ಆ ಗಾಯದ ನಂತರ ತಂಡ ಸೇರಿದ ಡಿ’ಆಂಟಾ ಫೋರ್‌ಮನ್‌ಗೆ; ಸೀಸನ್ ಮುಗಿಯುವಷ್ಟರಲ್ಲಿ ಅವರು ಮೂರು ಪಂದ್ಯಗಳಲ್ಲಿ ನೂರು ಯಾರ್ಡ್ ದಾಟಿದ್ದರು. ಮ್ಯಾಕ್‌ನಿಕೋಲ್ಸ್ ಪಾಸ್ ಹಿಡಿಯುವ ಮೂರನೇ ಡೌನ್‌ನ (10 ಯಾರ್ಡ್ ಮುಂದೆ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದರ) ಆಟಗಾರ. ಹೆನ್ರಿ ಇದ್ದಾಗಲೂ ಅದೇ ಕೆಲಸ, ಹೋದ ಮೇಲೂ ಅದೇ ಕೆಲಸ. ಖಾಲಿಯಾದ ಜಾಗ ಬೇರೆಯದೇ ಆಗಿತ್ತು.

ಕ್ಯಾನ್ಸಸ್ ಸಿಟಿ ಚೀಫ್ಸ್ ಇದೇ ಪಾಠವನ್ನು ಎರಡು ಸಲ ಕಲಿಸಿದೆ. 2018ರ ನವೆಂಬರ್ 30ರಂದು ಕರೀಮ್ ಹಂಟ್ ಅವರನ್ನು ತಂಡ ಕೈಬಿಟ್ಟಾಗ ಎಲ್ಲರೂ ಸ್ಪೆನ್ಸರ್ ವೇರ್ ಹಿಂದೆ ಬಿದ್ದರು. ಎರಡು ವಾರದಲ್ಲಿ ವೇರ್ ಗಾಯಗೊಂಡರು, ಫ್ಯಾಂಟಸಿ ಪ್ಲೇಆಫ್ ವಾರಗಳಲ್ಲಿ ಅಂಕ ಸುರಿಸಿದ್ದು ಡೇಮಿಯನ್ ವಿಲಿಯಮ್ಸ್. 2024ರ ಸೆಪ್ಟೆಂಬರ್ 15ರಂದು ಐಸಾಯ ಪಚೆಕೊ ಕಾಲಿನ ಮೂಳೆ ಮುರಿಯಿತು. ಮುಂದಿನ ಪಂದ್ಯ ಆರಂಭಿಸಿದವರು ಕಾರ್ಸನ್ ಸ್ಟೀಲ್; ಅದರ ಮುಂದಿನ ವಾರ ಚಾರ್ಜರ್ಸ್ ವಿರುದ್ಧ ಅವರು ಚೆಂಡು ಕೈಚೆಲ್ಲಿದರು, ಅಷ್ಟರಲ್ಲಿ ಪ್ರಾಕ್ಟೀಸ್ ಸ್ಕ್ವಾಡ್‌ಗೆ (ಮುಖ್ಯ ತಂಡದ ಹೊರಗಿನ ಅಭ್ಯಾಸದ ಬಳಗಕ್ಕೆ) ಬಂದು ಕೂತಿದ್ದ ಅದೇ ಕರೀಮ್ ಹಂಟ್ ಒಳಗೆ ಬಂದರು. ಅವತ್ತು 14 ಸಲ 69 ಯಾರ್ಡ್, ಮುಂದಿನ ಪಂದ್ಯದಲ್ಲಿ ಸೇಂಟ್ಸ್ ವಿರುದ್ಧ 27 ಸಲ 102. ಸಮಾಜೆ ಪೆರೈನ್ ಇಡೀ ಹೊತ್ತು ಅಲ್ಲೇ ಇದ್ದರು, ಮೂರನೇ ಡೌನ್ ಕೆಲಸ ನೋಡಿಕೊಂಡು.

ಹಾಗಾದರೆ ಏನು ನೋಡಬೇಕು? ರನ್ನಿಂಗ್ ಬ್ಯಾಕ್ ಕೆಲಸವನ್ನು ಮೂರು ತುಂಡು ಮಾಡಿ: ಮೊದಲ ಎರಡು ಡೌನ್‌ಗಳ ಓಟ, ಮೂರನೇ ಡೌನ್‌ನಲ್ಲಿ ಪಾಸ್ ಹಿಡಿಯುವುದು ಮತ್ತು ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಕಾವಲು ನಿಲ್ಲುವುದು, ಗೋಲ್ ಲೈನ್ ಹತ್ತಿರದ ನೂಕುನುಗ್ಗಲು. ಮುಖ್ಯ ಆಟಗಾರ ಈ ಮೂರರಲ್ಲಿ ಎಷ್ಟನ್ನು ಒಬ್ಬನೇ ಮಾಡುತ್ತಿದ್ದ? ಅವನಿಲ್ಲದಾಗ ಎರಡನೆಯವನು ಎಷ್ಟನ್ನು ಹೊರಬಲ್ಲ? ಮೂರೂ ಒಬ್ಬನ ಪಾಲಾಗಿದ್ದು, ಹಿಂದೆ ನಿಂತವನೂ ಮೂರಕ್ಕೂ ಒಗ್ಗುವವನಾದರೆ ಅದೇ ಚಿನ್ನದಂಥ ಹ್ಯಾಂಡ್‌ಕಫ್. ಎರಡನೆಯವನು ಬರೀ ಮೂರನೇ ಡೌನ್‌ನವನಾದರೆ ಕಣ್ಣು ಮೂರನೆಯವನ ಮೇಲಿರಲಿ.

ಇದನ್ನು ಸ್ಲೀಪರ್‌ನ ಡೆಪ್ತ್ ಚಾರ್ಟ್ ಹೇಳುವುದಿಲ್ಲ. ಪ್ರೊ ಫುಟ್‌ಬಾಲ್ ರೆಫರೆನ್ಸ್ ತಾಣದಲ್ಲಿ 2012ರಿಂದ ಈಚಿನ ಪ್ರತಿ ಪಂದ್ಯದ ಸ್ನ್ಯಾಪ್ ಲೆಕ್ಕವಿದೆ, ಶುರುಮಾಡಬೇಕಾದದ್ದು ಅಲ್ಲಿಂದ. 2023ರ ಮೊದಲ ವಾರದ ರ್‍ಯಾಮ್ಸ್ ಪಂದ್ಯ ಇದಕ್ಕೆ ಒಳ್ಳೆಯ ಮಾದರಿ. ಓಟದ ಲೆಕ್ಕ ಮಾತ್ರ ನೋಡಿದವರಿಗೆ ಕ್ಯಾಮ್ ಏಕರ್ಸ್ 22 ಸಲ, ಕೈರೆನ್ ವಿಲಿಯಮ್ಸ್ 15 ಸಲ. ಏಕರ್ಸ್ ಇನ್ನೂ ಮೊದಲನೆಯವರೇ. ಸ್ನ್ಯಾಪ್ ಲೆಕ್ಕ ತೆರೆದವರಿಗೆ ಕಂಡದ್ದು ಉಲ್ಟಾ: ಮೈದಾನದಲ್ಲಿ ಹೆಚ್ಚು ಹೊತ್ತು ಇದ್ದವರು ವಿಲಿಯಮ್ಸ್. ಏಕರ್ಸ್ 22 ಓಟದಲ್ಲಿ ಗಳಿಸಿದ್ದು 29 ಯಾರ್ಡ್, ವಿಲಿಯಮ್ಸ್ 52 ಯಾರ್ಡ್ ಮತ್ತು ಎರಡು ಟಚ್‌ಡೌನ್. ಮುಂದಿನ ವಾರ ಏಕರ್ಸ್ ಆಡುವ ಪಟ್ಟಿಯಲ್ಲೇ ಇರಲಿಲ್ಲ, ಬಳಿಕ ವೈಕಿಂಗ್ಸ್‌ಗೆ ಸಾಗಹಾಕಲಾಯಿತು. ವಿಲಿಯಮ್ಸ್ ಆ ವರ್ಷ ಬರೀ 12 ಪಂದ್ಯಗಳಲ್ಲಿ 1,144 ಯಾರ್ಡ್, 12 ಟಚ್‌ಡೌನ್ ಓಡಿದರು.

ಗಾಯದಿಂದ ಸಿಕ್ಕ ಕೆಲಸಕ್ಕಿಂತ ಹೀಗೆ ಕಿತ್ತುಕೊಂಡ ಕೆಲಸಕ್ಕೆ ಹೆಚ್ಚು ಬೆಲೆ ಕಟ್ಟಬೇಕು. ಗಾಯಕ್ಕೆ ವಾಪಸು ಬರುವ ದಿನಾಂಕ ಇರುತ್ತದೆ, ಕೋಚ್ ನಂಬಿಕೆ ಕಳೆದುಕೊಂಡಿದ್ದಕ್ಕೆ ಇರುವುದಿಲ್ಲ. ಗಾಯದಿಂದ ಶುರುವಾದದ್ದು ಕಸಿದುಕೊಳ್ಳುವುದರಲ್ಲಿ ಮುಗಿಯುವುದೂ ಉಂಟು. 2025ರಲ್ಲಿ ಕೆರೊಲೈನಾದ ಚುಬಾ ಹಬ್ಬರ್ಡ್ ಮೀನಖಂಡದ ನೋವಿನಿಂದ ಕೂತಾಗ ರಿಕೊ ಡೌಡಲ್ ಡಾಲ್ಫಿನ್ಸ್ ವಿರುದ್ಧ 206, ಮರುವಾರ ತಮ್ಮ ಹಳೆಯ ತಂಡ ಕೌಬಾಯ್ಸ್ ವಿರುದ್ಧ 183 ಯಾರ್ಡ್ ಓಡಿದರು. ಹಬ್ಬರ್ಡ್ ವಾಪಸು ಬಂದಾಗ ಕೆಲಸ ಹಂಚಿಹೋಯಿತು, ಇನ್ನು ಮುಗಿಯಿತು ಎಂದು ಡೌಡಲ್‌ರನ್ನು ಅಗ್ಗಕ್ಕೆ ಮಾರಿದವರು ಗ್ರೀನ್ ಬೇ ವಿರುದ್ಧದ 130 ಯಾರ್ಡ್, ಎರಡು ಟಚ್‌ಡೌನ್ ನೋಡಿ ಕೈ ಹಿಸುಕಿಕೊಂಡರು.

ಎನ್‌ಎಫ್‌ಎಲ್ ತಂಡಗಳು ಹೊಸಬರನ್ನು ಆರಿಸುವ ಡ್ರಾಫ್ಟ್‌ನ ಸುತ್ತನ್ನು ನಂಬುವುದು ಇನ್ನೊಂದು ಹಳ್ಳ. ಮೊದಮೊದಲ ಸುತ್ತಿನಲ್ಲಿ ಆರಿಸಿದವನಿಗೆ ಅವಕಾಶ ಹೆಚ್ಚು ಎಂಬುದು ಒಟ್ಟಾರೆ ನಿಜವೇ. ಆದರೆ ಕೋಚ್ ಮುಂದಿಟ್ಟ ಪುರಾವೆ ಅದಕ್ಕಿಂತ ದೊಡ್ಡದು. 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮೂರನೇ ಸುತ್ತಿನಲ್ಲಿ ಟ್ರೇ ಸರ್ಮನ್, ಆರನೇ ಸುತ್ತಿನಲ್ಲಿ ಎಲೈಜ ಮಿಚೆಲ್ ಅವರನ್ನು ಆರಿಸಿತ್ತು. ಮೊದಲ ವಾರ ಗಾಯವಿಲ್ಲದಿದ್ದರೂ ಸರ್ಮನ್ ಆಡದವರ ಪಟ್ಟಿಯಲ್ಲಿದ್ದರು. ಅದೇ ಪಂದ್ಯದಲ್ಲಿ ರಹೀಮ್ ಮೋಸ್ಟರ್ಟ್ ಗಾಯಗೊಂಡು ಹೊರಹೋದರು, ಮಿಚೆಲ್ 104 ಯಾರ್ಡ್ ಓಡಿದರು, ಸೀಸನ್‌ಗೆ 11 ಪಂದ್ಯಗಳಲ್ಲಿ 963. ಜ್ಯಾಕ್ಸನ್‌ವಿಲ್‌ನ ಜೇಮ್ಸ್ ರಾಬಿನ್ಸನ್ ಅವರನ್ನಂತೂ 2020ರಲ್ಲಿ ಯಾರೂ ಡ್ರಾಫ್ಟ್ ಮಾಡಿರಲಿಲ್ಲ. ಆಗಸ್ಟ್ 31ರಂದು ಲೆನರ್ಡ್ ಫೋರ್ನೆಟ್ ಅವರನ್ನು ತಂಡ ಕೈಬಿಟ್ಟಿತು, ರಾಬಿನ್ಸನ್ 1,070 ಯಾರ್ಡ್ ಗಳಿಸಿದರು.

ಇಲ್ಲೊಂದು ಸೂಕ್ಷ್ಮ. ಆಡದವರ ಪಟ್ಟಿಯಲ್ಲಿ ಹೆಸರಿದ್ದರೆ ಅವನು ಹಿಂದಿದ್ದಾನೆ ಎಂದು ಹೇಳಬಹುದು. ಆಡುವವರ ಪಟ್ಟಿಯಲ್ಲಿದ್ದಾನೆ ಅಂದ ಮಾತ್ರಕ್ಕೆ ಮುಂದಿದ್ದಾನೆ ಎನ್ನಲಾಗದು. ಮೂರನೇ ರನ್ನಿಂಗ್ ಬ್ಯಾಕ್ ಎಷ್ಟೋ ಸಲ ಪಂಟ್, ಕಿಕ್‌ಆಫ್ ತಡೆಯುವ ಸ್ಪೆಷಲ್ ಟೀಮ್ಸ್ ಕೆಲಸಕ್ಕಾಗಿ ಜಾಗ ಪಡೆದಿರುತ್ತಾನೆ. ಸ್ನ್ಯಾಪ್ ಲೆಕ್ಕದಲ್ಲಿ ಅಫೆನ್ಸ್ (ದಾಳಿಯ ಆಟ) ಮತ್ತು ಸ್ಪೆಷಲ್ ಟೀಮ್ಸ್ ಬೇರೆ ಬೇರೆ ಸಾಲಿನಲ್ಲಿವೆ. ಅಫೆನ್ಸ್ ಸಾಲು ಸೊನ್ನೆ, ಸ್ಪೆಷಲ್ ಟೀಮ್ಸ್ ಸಾಲು ದಪ್ಪ ಇದ್ದರೆ ಅವನನ್ನು ಬಿಡಿ.

ಇನ್ನು ಸ್ಲೀಪರ್‌ನ ನಿಜವಾದ ಬಲಕ್ಕೆ ಬರೋಣ. ಅದು ಪರದೆಯ ಹಿಂದಿದೆ. ಈ ಸಂಸ್ಥೆ ಯಾರು ಬೇಕಾದರೂ ಓದಬಹುದಾದ ಎಪಿಐ (ಪ್ರೋಗ್ರಾಂ ಬರೆದು ದತ್ತಾಂಶ ಪಡೆಯುವ ಕಿಂಡಿ) ತೆರೆದಿಟ್ಟಿದೆ. ಟೋಕನ್ ಬೇಡ, ದುಡ್ಡು ಬೇಡ. ಓದಲು ಮಾತ್ರ ಸಾಧ್ಯ, ಬದಲಿಸಲು ಆಗದು. ಬೇ ಏರಿಯಾದಲ್ಲೋ ಡಲ್ಲಾಸ್‌ನಲ್ಲೋ ಆಫೀಸ್ ಲೀಗ್ ಆಡುವ ಕನ್ನಡದ ಸಾಫ್ಟ್‌ವೇರ್ ಮಂದಿಗೆ ಇದು ಒಂದು ಸಂಜೆಯ ಕೆಲಸ.

ಮೊದಲು ಆಟಗಾರರ ಫೈಲ್ ಇಳಿಸಿಕೊಳ್ಳಿ. ಸುಮಾರು 5 ಎಂಬಿ ಇರುತ್ತದೆ. ದಿನಕ್ಕೆ ಒಂದೇ ಸಲ ಕೇಳಿ ಎಂದು ಸಂಸ್ಥೆಯೇ ವಿನಂತಿಸಿದೆ. ಒಟ್ಟು ಕರೆಗಳು ನಿಮಿಷಕ್ಕೆ 1,000 ಮೀರಿದರೆ ನಿಮ್ಮ ಐಪಿ ವಿಳಾಸಕ್ಕೆ ಬಾಗಿಲು ಮುಚ್ಚಬಹುದು, ಆದರೆ ಈ ಕೆಲಸಕ್ಕೆ ಅಷ್ಟೆಲ್ಲ ಬೇಕಾಗುವುದಿಲ್ಲ. ಫೈಲಿನಿಂದ ರನ್ನಿಂಗ್ ಬ್ಯಾಕ್‌ಗಳನ್ನಷ್ಟೇ ಉಳಿಸಿ ತಂಡವಾರು ಜೋಡಿಸಿ, ನಾಲ್ಕು ಕಾಲಂ ಇಟ್ಟುಕೊಳ್ಳಿ: ಡೆಪ್ತ್ ಚಾರ್ಟ್ ಕ್ರಮಾಂಕ, ಗಾಯದ ಸ್ಥಿತಿ, ಅಭ್ಯಾಸದಲ್ಲಿ ಪಾಲ್ಗೊಂಡ ಮಟ್ಟ, ಗಾಯ ಶುರುವಾದ ದಿನಾಂಕ. ದಿನದ ಫೈಲನ್ನು ದಿನಾಂಕದ ಹೆಸರಿನಲ್ಲಿ ಉಳಿಸಿ ಹಿಂದಿನ ದಿನದ್ದಕ್ಕೆ ಹೋಲಿಸಿ, ಬದಲಾದ ಸಾಲುಗಳನ್ನು ಮಾತ್ರ ತೋರಿಸುವಂತೆ ಮಾಡಿ. ಹಳೆಯ ಫೈಲ್ ಅಳಿಸಬೇಡಿ, ಏಕೆಂದರೆ ಎಪಿಐ ಕೊಡುವುದು ಇವತ್ತಿನ ಸ್ಥಿತಿಯನ್ನು, ಇತಿಹಾಸವನ್ನಲ್ಲ. ಮೂರನೆಯವನು ಎರಡನೆಯವನಾದ ದಿನ ಯಾರೂ ಡಂಗುರ ಸಾರುವುದಿಲ್ಲ. ಈ ಹೋಲಿಕೆಯಲ್ಲಿ ಅದು ಒಂದು ಸಾಲಾಗಿ ಕಾಣಿಸುತ್ತದೆ. ಡೆಪ್ತ್ ಚಾರ್ಟ್‌ನ ಕ್ರಮಕ್ಕಿಂತ ಅದರ ಬದಲಾವಣೆಗೆ ಹೆಚ್ಚು ಅರ್ಥವಿದೆ.

ಓಟ ಮತ್ತು ಪಾಸ್ ವಿವರಕ್ಕೆ ಎನ್‌ಎಫ್‌ಎಲ್‌ವರ್ಸ್ ಎಂಬ ಉಚಿತ ದತ್ತಾಂಶ ಸಂಗ್ರಹವನ್ನು ಇದರ ಪಕ್ಕಕ್ಕೆ ಇಡಬೇಕು. 1999ರಿಂದ ಈಚೆಗೆ ಪ್ರತಿ ಪ್ಲೇಯ ದಾಖಲೆ ಅಲ್ಲಿದೆ. ಜೋಡಿಸುವಾಗ ಒಂದು ಕಿರಿಕಿರಿ ಎದುರಾಗುತ್ತದೆ: ಸ್ಲೀಪರ್‌ಗೆ ತನ್ನದೇ ಆಟಗಾರ ಸಂಖ್ಯೆ, ಎನ್‌ಎಫ್‌ಎಲ್‌ವರ್ಸ್‌ಗೆ ಲೀಗಿನ ಜಿಎಸ್‌ಐಎಸ್ ಸಂಖ್ಯೆ. ಸ್ಲೀಪರ್ ಫೈಲಿನಲ್ಲಿ ಜಿಎಸ್‌ಐಎಸ್ ಕಾಲಂ ಇದ್ದರೂ ಎಷ್ಟೋ ಆಟಗಾರರಿಗೆ ಅದು ಖಾಲಿ. ಹೆಸರು ಹಿಡಿದು ಜೋಡಿಸಲು ಹೋದರೆ ‘ಜೂನಿಯರ್’, ‘ಮೂರನೆಯ’ ಎಂಬ ಬಾಲಗಳು ಕಾಡುತ್ತವೆ. ಎನ್‌ಎಫ್‌ಎಲ್‌ವರ್ಸ್‌ನಲ್ಲೇ ಫ್ಯಾಂಟಸಿ ಸಂಖ್ಯೆಗಳನ್ನು ಹೊಂದಿಸುವ ಸಿದ್ಧ ಕೋಷ್ಟಕ ಇದೆ, ಅದನ್ನು ಬಳಸಿ.

ಅಲ್ಲಿಂದ ಮೂರು ಲೆಕ್ಕ ತೆಗೆಯಿರಿ. ಎದುರಾಳಿ ಗೋಲ್ ಲೈನ್‌ಗೆ 5 ಯಾರ್ಡ್ ಒಳಗಿನ ಓಟಗಳಲ್ಲಿ ಯಾರ ಪಾಲು ಎಷ್ಟು? ಮೂರನೇ ಡೌನ್‌ನಲ್ಲಿ ಪಾಸ್ ಗುರಿಯಾದವರು ಯಾರು? ಡ್ರೈವ್‌ವಾರು, ಅಂದರೆ ಚೆಂಡು ತಂಡದ ಕೈಯಲ್ಲಿರುವ ಒಂದೊಂದು ಸರದಿಯಲ್ಲಿ, ಯಾರು ಓಡಿದರು? ಮೂರನೆಯದು ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ. ಇಬ್ಬರು ಬ್ಯಾಕಪ್‌ಗಳಿಗೂ ತಲಾ ಶೇ 25 ಸ್ನ್ಯಾಪ್ ಇದ್ದಿರಬಹುದು. ಒಬ್ಬನಿಗೆ ಅದು ಪ್ರತಿ ಮೂರನೇ ಡ್ರೈವ್ ಪೂರ್ತಿ ಕೊಟ್ಟಿದ್ದರಿಂದ ಬಂದದ್ದು, ಇನ್ನೊಬ್ಬನಿಗೆ ಮೂರನೇ ಡೌನ್‌ಗಳಿಂದ ಉದುರಿದ ಚೂರು. ಪೂರ್ತಿ ಡ್ರೈವ್ ಕೊಡುವ ಕೋಚ್ ಅವನನ್ನು ಮುಖ್ಯ ಆಟಗಾರನ ಪಡಿಯಚ್ಚು ಎಂದು ನೋಡುತ್ತಿದ್ದಾನೆ. ಲೆಕ್ಕ ಹಾಕುವ ಮುನ್ನ ಗೆಲುವಿನ ಸಂಭವನೀಯತೆಯ ಕಾಲಂ ನೋಡಿ ಶೇ 95ಕ್ಕಿಂತ ಮೇಲೆ, ಶೇ 5ಕ್ಕಿಂತ ಕೆಳಗೆ ಇರುವ ಪ್ಲೇಗಳನ್ನು ತೆಗೆದುಹಾಕಿ. ತೀರ್ಮಾನವಾಗಿಹೋದ ಪಂದ್ಯದ ಕೊನೆಯಲ್ಲಿ ಬ್ಯಾಕಪ್ ಓಡಿದ 60 ಯಾರ್ಡ್ ಮುಖ್ಯ ಆಟಗಾರನಿಗೆ ಕೊಟ್ಟ ವಿಶ್ರಾಂತಿ, ಅಷ್ಟೇ.

ಸ್ಲೀಪರ್‌ನ ‘ಟ್ರೆಂಡಿಂಗ್’ ವಿಭಾಗಕ್ಕೆ ಸಿಗುವ ಹೊಗಳಿಕೆ ಮಾತ್ರ ಸ್ವಲ್ಪ ಜಾಸ್ತಿಯೇ ಆಯಿತು. ಎಪಿಐನಲ್ಲೂ ಅದಿದೆ, ಏನೂ ಹೇಳದಿದ್ದರೆ ಕಳೆದ 24 ಗಂಟೆಯಲ್ಲಿ ಅತಿ ಹೆಚ್ಚು ಲೀಗ್‌ಗಳಲ್ಲಿ ಸೇರ್ಪಡೆಯಾದ 25 ಮಂದಿಯನ್ನು ಕೊಡುತ್ತದೆ. ಅದು ಊಹೆಯ ಸಾಧನವಲ್ಲ, ಉಳಿದವರು ಈಗಾಗಲೇ ಮಾಡಿದ ಊಹೆಯ ಪಟ್ಟಿ. ಅದಕ್ಕೆ ಬೇರೆ ಉಪಯೋಗ ಇದೆ: ನೀವು ಲೆಕ್ಕ ಹಾಕಿ ಆರಿಸಿದ ಹೆಸರು ಅಲ್ಲಿ ಇನ್ನೂ ಕಾಣದಿದ್ದರೆ 1 ಡಾಲರ್ ಹರಾಜಿಗೆ ಸಾಕು; ಕಂಡರೆ ಬೆಲೆ ಏರಿದೆ ಎಂದರ್ಥ. ನೋಡುವ ಅವಧಿಯನ್ನು 24ರಿಂದ 6 ಗಂಟೆಗೆ ಇಳಿಸಿದರೆ ಸುದ್ದಿ ಯಾವಾಗ ಹರಡಿತು ಎಂಬುದೂ ತಿಳಿಯುತ್ತದೆ.

ಹರಾಜಿಗೆ ಸಂಬಂಧಿಸಿ ಎಪಿಐನಲ್ಲಿ ಇನ್ನೊಂದು ನಿಧಿ ಇದೆ. ನಿಮ್ಮ ಲೀಗಿನ ವಾರವಾರದ ವ್ಯವಹಾರಗಳ ದಾಖಲೆಯಲ್ಲಿ ಪ್ರತಿ ವೇವರ್ ಗೆಲುವಿಗೆ ಎಷ್ಟು ಬಿಡ್ ಮಾಡಿದ್ದರು ಎಂಬ ಅಂಕಿ ಸಿಗುತ್ತದೆ. ಹೋದ ವರ್ಷದ ಲೀಗ್ ಸಂಖ್ಯೆ ಹಾಕಿ ಒಂದೊಂದೇ ವಾರ ಎಳೆದುಕೊಂಡರೆ ನಿಮ್ಮ ಗೆಳೆಯರ ಚಾಳಿ ಬಯಲು: ಯಾರು ಸೆಪ್ಟೆಂಬರ್‌ನಲ್ಲೇ ಬರಿಗೈ ಆಗುತ್ತಾರೆ, ಯಾರು ಯಾವಾಗಲೂ 5ಕ್ಕೆ ಕೊನೆಗೊಳ್ಳುವ ಮೊತ್ತ ಬರೆಯುತ್ತಾರೆ. ಅಂಥವರ ಎದುರು 21 ಅಥವಾ 26 ಬರೆಯಿರಿ. ಅಂದ ಹಾಗೆ ಈ ಡಾಲರ್ ಆಟದ ಡಾಲರ್, ಸೀಸನ್‌ಗೆ ಸಾಮಾನ್ಯವಾಗಿ 100. ಭಾರತದಲ್ಲಿ ಕೂತು ಆಡುವವರು ಲೀಗಿಗೆ ನಿಜವಾದ ದುಡ್ಡು ಕಟ್ಟುವ ಮುನ್ನ ಯೋಚಿಸಲಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿದೆ.

100ರಲ್ಲಿ ಎಷ್ಟು ಬಿಡ್ ಮಾಡಬೇಕು ಎಂಬುದು ಗಾಯದ ಬಗೆ ಮತ್ತು ಕ್ಯಾಲೆಂಡರ್ ನೋಡಿ ತೀರ್ಮಾನವಾಗಬೇಕು. ಮೊಣಕಾಲಿನ ಎಸಿಎಲ್ ಹರಿದರೆ, ಅಕಿಲಿಸ್ ತುಂಡಾದರೆ ಸೀಸನ್ ಮುಗಿಯಿತು. ಸೆಪ್ಟೆಂಬರ್ ಆಗಿದ್ದು, ಹಿಂದಿನವನು ಮೂರೂ ಕೆಲಸದವನಾಗಿದ್ದರೆ 50ರಿಂದ 60 ಕೊಟ್ಟರೂ ನಷ್ಟವಿಲ್ಲ. ಹೈ ಆ್ಯಂಕಲ್ ಸ್ಪ್ರೇನ್ ಅಂದರೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, 20ರಿಂದ 25 ಸಾಕು. ಗಾಯಾಳುಗಳ ಪಟ್ಟಿ ಐಆರ್‌ಗೆ ಹಾಕಿದರೆ ಕನಿಷ್ಠ ನಾಲ್ಕು ಪಂದ್ಯ ಹೊರಗಿರಲೇಬೇಕು ಎಂಬುದು ನಿಯಮ, ಹಾಗಾಗಿ ಆ ಸುದ್ದಿಗೆ ಒಂದು ಖಚಿತ ಬೆಲೆ ಇದೆ. ಹ್ಯಾಮ್‌ಸ್ಟ್ರಿಂಗ್ ಮಾತ್ರ ಮಾಯಾವಿ: ಎರಡು ವಾರ ಎನ್ನುತ್ತಾರೆ, ವಾಪಸು ಬಂದ ಪಂದ್ಯದಲ್ಲೇ ಮತ್ತೆ ಹಿಡಿದುಕೊಳ್ಳುತ್ತದೆ. ಅಲ್ಲಿ ಬ್ಯಾಕಪ್‌ನನ್ನು 10ಕ್ಕೆ ಕೊಂಡು, ಮುಖ್ಯ ಆಟಗಾರ ಮರಳಿದ ಮೇಲೂ ಎರಡು ವಾರ ಬಿಡದಿರುವುದು ಜಾಣತನ.

ಬಿಡ್ ಮಾಡುವ ಮುನ್ನ ಇನ್ನೊಂದು ಕಡೆ ಇಣುಕಬೇಕು, ಹೊರಗಿನಿಂದ ಯಾರನ್ನಾದರೂ ತರುತ್ತಿದ್ದಾರೆಯೇ ಎಂದು. 2022ರ ಅಕ್ಟೋಬರ್ 23ರಂದು ಜೆಟ್ಸ್‌ನ ಬ್ರೀಸ್ ಹಾಲ್ ಅವರ ಎಸಿಎಲ್ ಹರಿಯಿತು. ಮೈಕಲ್ ಕಾರ್ಟರ್‌ಗೆ ಬಿಡ್ ಬರೆದಿಟ್ಟವರಿಗೆ ಮರುದಿನವೇ ತಂಡ ಜೇಮ್ಸ್ ರಾಬಿನ್ಸನ್ ಅವರನ್ನು ಟ್ರೇಡ್ ಮಾಡಿ ತಂದ ಸುದ್ದಿ. ರಾಬಿನ್ಸನ್ ಹಿಂದೆ ಹೋದವರಿಗೂ ಸುಖವಿಲ್ಲ. 12ನೇ ವಾರಕ್ಕೆ ಅವರು ಆಡದವರ ಪಟ್ಟಿಯಲ್ಲಿ, ಚೆಂಡು ಡ್ರಾಫ್ಟ್ ಆಗದ ಹೊಸಬ ಜೋನೊವನ್ ನೈಟ್ ಕೈಯಲ್ಲಿ. ಅದೇ ತಿಂಗಳು ಡೆನ್ವರ್‌ನಲ್ಲಿ ಜಾವಾಂಟೆ ವಿಲಿಯಮ್ಸ್ ಗಾಯಗೊಂಡಾಗ ಮೆಲ್ವಿನ್ ಗಾರ್ಡನ್ ಇದ್ದರು, ಆದರೆ ಚೆಂಡು ಕೈಚೆಲ್ಲುವ ಅವರ ಅಭ್ಯಾಸಕ್ಕೆ ಬೇಸತ್ತ ತಂಡ ನವೆಂಬರ್‌ನಲ್ಲಿ ಅವರನ್ನೇ ಬಿಟ್ಟಿತು. ಉಳಿದುಕೊಂಡವರು ಸೇಂಟ್ಸ್‌ನ ಪ್ರಾಕ್ಟೀಸ್ ಸ್ಕ್ವಾಡ್‌ನಿಂದ ಕರೆತಂದ ಲಟೇವಿಯಸ್ ಮರ್ರೆ. ತಂಡಗಳು ಹೊರಗಿನವರನ್ನು ಪರೀಕ್ಷೆಗೆ ಕರೆಯುವುದು ಹೆಚ್ಚಾಗಿ ಮಂಗಳವಾರ. ಹೆಚ್ಚಿನ ಲೀಗ್‌ಗಳ ವೇವರ್ ತೀರ್ಮಾನವಾಗುವುದು ಬುಧವಾರ ಬೆಳಗಿನ ಜಾವ. ಬಿಡ್ ಮೊತ್ತವನ್ನು ಮಂಗಳವಾರ ಮಲಗುವ ಮುನ್ನ ಒಮ್ಮೆ ತಿದ್ದಿ. ಪ್ರಾಕ್ಟೀಸ್ ಸ್ಕ್ವಾಡ್‌ನವನನ್ನು ಸೀಸನ್‌ನಲ್ಲಿ ಮೂರು ಪಂದ್ಯಕ್ಕಷ್ಟೇ ತಾತ್ಕಾಲಿಕವಾಗಿ ಮೇಲೆತ್ತಬಹುದು. ನಾಲ್ಕನೆಯದಕ್ಕೆ 53 ಮಂದಿಯ ಮುಖ್ಯ ತಂಡಕ್ಕೆ ಸಹಿ ಹಾಕಿಸಲೇಬೇಕು. ಆ ಸಹಿ ಬಿತ್ತೆಂದರೆ ಕೋಚ್ ಮನಸ್ಸು ಮಾಡಿದ್ದಾನೆ.

ಬುಧ, ಗುರು, ಶುಕ್ರವಾರದ ಅಭ್ಯಾಸ ವರದಿಯನ್ನು ಸ್ಲೀಪರ್ ಆಟಗಾರನ ಪುಟಕ್ಕೇ ತರುತ್ತದೆ, ಇದು ಅನುಕೂಲ. ಬುಧವಾರ ಅಭ್ಯಾಸ ತಪ್ಪಿಸಿದ್ದಕ್ಕೆ ಗಾಬರಿ ಬೇಡ, ಹಿರಿಯರಿಗೆ ಅವತ್ತು ವಿಶ್ರಾಂತಿ ಕೊಡುವುದುಂಟು. ಬುಧವಾರ ಸ್ವಲ್ಪ ಓಡಿ, ಗುರುವಾರ ಶುಕ್ರವಾರ ಕಾಣೆಯಾದರೆ ಅದು ಕೆಟ್ಟ ಸೂಚನೆ. ಕೊನೆಯ ತೀರ್ಪು ಪಂದ್ಯಕ್ಕೆ 90 ನಿಮಿಷ ಮುಂಚೆ ಹೊರಬೀಳುವ ಆಡದವರ ಪಟ್ಟಿ. 2024ರ ಸೆಪ್ಟೆಂಬರ್ 9ರ ಸೋಮವಾರ ರಾತ್ರಿ ಕ್ರಿಶ್ಚಿಯನ್ ಮ್ಯಾಕ್‌ಕ್ಯಾಫ್ರಿ ಆಡುವುದಿಲ್ಲ ಎಂದು ಗೊತ್ತಾದದ್ದು ಪಂದ್ಯದ ದಿನವೇ. ಜೋರ್ಡನ್ ಮೇಸನ್ 28 ಸಲ ಓಡಿ 147 ಯಾರ್ಡ್ ಗಳಿಸಿದರು. ತಾನೇ ಆರಂಭಿಸುವುದು ತನಗೆ ಶುಕ್ರವಾರವೇ ತಿಳಿದಿತ್ತೆಂದು ಪಂದ್ಯದ ಬಳಿಕ ಮೇಸನ್ ಬಾಯಿಬಿಟ್ಟಿದ್ದು ಇನ್ನೊಂದು ತಮಾಷೆ. ಮೇಸನ್‌ರನ್ನು ಡ್ರಾಫ್ಟ್‌ನಲ್ಲೇ ಹಿಡಿದವರಿಗೆ ಸುಳಿವು ಸಿಕ್ಕಿದ್ದು ಆಗಸ್ಟ್‌ನಲ್ಲಿ: ವರ್ಷಗಳಿಂದ ಆ ತಂಡದ ಹ್ಯಾಂಡ್‌ಕಫ್ ಎನಿಸಿಕೊಂಡಿದ್ದ ಎಲೈಜ ಮಿಚೆಲ್ ಸೀಸನ್ ಶುರುವಾಗುವ ಮುಂಚೆಯೇ ಐಆರ್ ಸೇರಿದ್ದರು.

ಬೆಂಗಳೂರಿನಿಂದ ಆಡುವವರಿಗೆ ಈ 90 ನಿಮಿಷ ಭಾನುವಾರ ರಾತ್ರಿ 9ಕ್ಕೆ ಶುರು. ನವೆಂಬರ್‌ನ ಮೊದಲ ಭಾನುವಾರದಿಂದ ಅಮೆರಿಕದ ಗಡಿಯಾರ ಹಿಂದೆ ಸರಿಯುವುದರಿಂದ 10ಕ್ಕೆ. ಊಟ ಮುಗಿಸಿ ನೋಡಬಹುದಾದ ಹೊತ್ತು. ಸೋಮವಾರ ರಾತ್ರಿಯ ಪಂದ್ಯದ ಪಟ್ಟಿ ಮಾತ್ರ ನಮಗೆ ಮಂಗಳವಾರ ನಸುಕಿನ 4.15ಕ್ಕೆ (ಗಡಿಯಾರ ಹಿಂದೆ ಸರಿದ ಮೇಲೆ 5.15ಕ್ಕೆ), ಅಲಾರಂ ಇಟ್ಟೇ ಏಳಬೇಕು. ಸ್ಲೀಪರ್ ಸೂಚನೆಗಳು ಬೇಗ ಬರುತ್ತವೆ ಎಂಬ ಹೆಸರು ಅದಕ್ಕಿದೆ. ಆಟಗಾರನನ್ನು ವಾಚ್‌ಲಿಸ್ಟ್‌ಗೆ ಸೇರಿಸಿ ಸೂಚನೆ ಆನ್ ಮಾಡಿಡಿ. ವೇವರ್ ತೀರಿದ ಮೇಲೆ ಉಳಿದವರನ್ನು ಪಂದ್ಯ ಶುರುವಾಗುವ ತನಕ ಮೊದಲು ಬಂದವರು ಎತ್ತಿಕೊಳ್ಳಬಹುದಾದ ಲೀಗ್ ನಿಮ್ಮದಾದರೆ ಆ ಒಂದೂವರೆ ಗಂಟೆಯೇ ಸುಗ್ಗಿ.

ಇಎಸ್‌ಪಿಎನ್, ಯಾಹೂ ಎರಡೂ ಉಚಿತವೇ, ಎಷ್ಟು ಶೇಕಡ ಲೀಗ್‌ಗಳಲ್ಲಿ ಆಟಗಾರ ಇದ್ದಾನೆ ಎಂಬ ಅಂಕಿ ಎರಡರಲ್ಲೂ ಇದೆ. ಈ ಕೆಲಸದ ಮಟ್ಟಿಗೆ ಸ್ಲೀಪರ್ ಮೇಲು, ಕಾರಣ ಮೇಲೆ ಹೇಳಿದ ಎಪಿಐ. ಕೋಡ್ ಬರೆಯದವರಿಗೆ ಮೂರರ ನಡುವೆ ಅಂಥ ವ್ಯತ್ಯಾಸವಿಲ್ಲ.

ಯಾರ ಹ್ಯಾಂಡ್‌ಕಫ್ ಹಿಡಿಯಬೇಕು ಎಂಬ ಜಗಳ ಮುಗಿಯುವಂಥದ್ದಲ್ಲ. ನಮ್ಮ ಮತ ಇಷ್ಟು: ನವೆಂಬರ್ ಕೊನೆಯ ತನಕ ಬೇರೆಯವರ ನಕ್ಷತ್ರಗಳ ಬ್ಯಾಕಪ್‌ಗಳನ್ನು ಹಿಡಿಯಿರಿ. ನಿಮ್ಮವನೇ ಬಿದ್ದರೆ ಅವನ ಬ್ಯಾಕಪ್ ನಿಮ್ಮನ್ನು ಮೊದಲಿನ ಜಾಗಕ್ಕೆ ತಂದು ನಿಲ್ಲಿಸುತ್ತಾನೆ, ಅಷ್ಟೇ. ಎದುರಾಳಿಯವನು ಬಿದ್ದರೆ ಅವರಿಗೆ ಕಳೆದದ್ದು ನಿಮಗೆ ಕೂಡುತ್ತದೆ. ಪ್ಲೇಆಫ್ ಹತ್ತಿರವಾದಾಗ ಲೆಕ್ಕ ತಿರುಗುತ್ತದೆ. 15ರಿಂದ 17ನೇ ವಾರದಲ್ಲಿ ಹೊಸ ಲಾಭಕ್ಕಿಂತ ಇದ್ದದ್ದು ಉಳಿಸಿಕೊಳ್ಳುವುದು ದೊಡ್ಡದು, ಆಗ ಬೆಂಚಿನ ಐದನೇ ರಿಸೀವರ್‌ನನ್ನು ಬಿಟ್ಟು ನಿಮ್ಮವನ ಬ್ಯಾಕಪ್‌ನನ್ನೇ ತನ್ನಿ. ಜಾಗ ಸಾಲದಿದ್ದರೆ ಲೀಗಿನ ಐಆರ್ ಸ್ಲಾಟ್ ನೋಡಿ: ಸ್ಲೀಪರ್‌ನಲ್ಲಿ ‘ಔಟ್’, ‘ಡೌಟ್‌ಫುಲ್’ ಸ್ಥಿತಿಯವರನ್ನೂ ಅಲ್ಲಿಗೆ ಹಾಕಲು ಲೀಗ್ ನಡೆಸುವ ಕಮಿಷನರ್ ಅನುಮತಿ ಕೊಡಬಹುದು, ಆಗ ಬೆಂಚಿನಲ್ಲಿ ಒಂದು ಜಾಗ ತೆರವಾಗುತ್ತದೆ.

ಡಿಸೆಂಬರ್‌ನಲ್ಲಿ ತಂಡವಿಲ್ಲದ ಹಳಬರ ಮೇಲೂ ಒಂದು ಕಣ್ಣಿರಲಿ. 2018ರಲ್ಲಿ ಪ್ಯಾಂತರ್ಸ್, ರೇಡರ್ಸ್ ಎರಡೂ ಬಿಟ್ಟಿದ್ದ ಸಿ.ಜೆ. ಆ್ಯಂಡರ್ಸನ್ ಅವರನ್ನು ರ್‍ಯಾಮ್ಸ್ ಸೇರಿಸಿಕೊಂಡದ್ದು ಡಿಸೆಂಬರ್ 18ರ ಮಂಗಳವಾರ. ಟಾಡ್ ಗರ್ಲಿ ಕೂತರೆ ಹೊಸಬ ಜಾನ್ ಕೆಲ್ಲಿಯೇ ಓಡುತ್ತಾರೆ ಎಂದು ಹಲವರು ಅವರನ್ನು ಎತ್ತಿಕೊಂಡಿದ್ದರು. ಭಾನುವಾರ ಗರ್ಲಿ ಕೂತರು, ಅರಿಜೋನಾ ವಿರುದ್ಧ 20 ಸಲ ಓಡಿ 167 ಯಾರ್ಡ್ ಗಳಿಸಿದವರು ಆ್ಯಂಡರ್ಸನ್. ಬಹಳಷ್ಟು ಲೀಗ್‌ಗಳಿಗೆ ಅದು ಫೈನಲ್ ವಾರ. ಇಂಥ ಹೆಸರು ಬುಧವಾರ ಬೆಳಗ್ಗೆ ಡೆಪ್ತ್ ಚಾರ್ಟ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಮಂಗಳವಾರದ ಸಹಿ ಸುದ್ದಿ ಓದಿ, ಆಟಗಾರನ ಹೆಸರನ್ನೇ ಹುಡುಕು ಪಟ್ಟಿಯಲ್ಲಿ ಬರೆದು, ಲೀಗ್ ಒಪ್ಪಿದರೆ 0 ಡಾಲರ್‌ಗೆ, ಇಲ್ಲವಾದರೆ 1ಕ್ಕೆ ಬಿಡ್ ಹಾಕಿ.